ಪಾಕ ಎಷ್ಟು ಹೊತ್ತಿಗೆ ಆರೀತು? — ಗಡಿಸೀಮೆಯ ಗಣಿತ ಮಾಸ್ತರರಿಗೂ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೂ ಒಂದು ಬಹಿರಂಗ ಪತ್ರ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಕಾಲೇಜುಗಳಲ್ಲಿ ಗಣಿತ ಮತ್ತು ಮೆಕ್ಯಾನಿಕಲ್ ಇಂಜಿನಿಯರಿಂಗ್ ಕಲಿಸುವ, ಕಲಿಯುವ ಎಲ್ಲರಿಗೂ,

ನೇರ ವಿಷಯಕ್ಕೆ ಬರುತ್ತೇನೆ. ಉಷ್ಣ ವರ್ಗಾವಣೆಯ ಅರೇಖೀಯ ಸಮೀಕರಣಗಳನ್ನು ಬಿಡಿಸುವ ವಿಧಾನಗಳ ತುಲನಾತ್ಮಕ ಅಧ್ಯಯನ ಎಂಬ ಅರ್ಥದ ತಲೆಬರಹ ಹೊತ್ತ ಪ್ರಾಜೆಕ್ಟ್ ವರದಿ, ಪ್ರಬಂಧ, ಸೆಮಿನಾರ್ ಲೇಖನಗಳು ವರ್ಷ ವರ್ಷ ಬರುತ್ತಲೇ ಇವೆ. ನಮ್ಮ ಜಿಲ್ಲೆಯಲ್ಲಷ್ಟೇ ಅಲ್ಲ, ದೇಶದ ತುಂಬ ಇದೇ ಕತೆ. ಒಳಗೆ ತೆರೆದರೆ ಒಂದು ಸಮೀಕರಣ, ಮೂರೋ ನಾಲ್ಕೋ ವಿಧಾನ, ಕೊನೆಗೊಂದು ಕೋಷ್ಟಕ. ಕೋಷ್ಟಕದಲ್ಲಿ ಆರು ದಶಮಾಂಶ ಸ್ಥಾನದವರೆಗೆ ಅಂಕಿಗಳು. ಕೆಳಗೆ ಒಂದು ಸಾಲು: ಈ ವಿಧಾನ ಆ ವಿಧಾನಕ್ಕಿಂತ ಉತ್ತಮ. ಸಮೀಕರಣ ಎಲ್ಲಿಂದ ಬಂತು, ಅದರಲ್ಲಿರುವ ಸಂಖ್ಯೆಗಳು ಯಾವ ಪಾತ್ರೆಯವು, ಯಾವ ಒಲೆಯವು ಎಂದು ಕೇಳಿದರೆ ಉತ್ತರ ಸಿಗುವುದು ಕಷ್ಟ.

ನಿಮ್ಮ ಸುತ್ತಲೇ ಒಲೆಗಳಿವೆ ಎಂಬ ಕಾರಣಕ್ಕೆ ಈ ಪತ್ರ. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ನೀರು ಕುಡಿದ ಕಬ್ಬಿನ ಸೀಮೆ ಇದು. ಉಗಾರ ಖುರ್ದದಲ್ಲಿ 1939ರಿಂದ ಸಕ್ಕರೆ ಕಾರ್ಖಾನೆ ಇದೆ. ಚಿಕ್ಕೋಡಿಯಲ್ಲಿ ದೂಧಗಂಗಾ ಕೃಷ್ಣಾ, ನಿಪ್ಪಾಣಿಯಲ್ಲಿ ಹಾಲಸಿದ್ಧನಾಥ, ಅಥಣಿಯಲ್ಲಿ ಕೃಷ್ಣಾ ಸಹಕಾರಿ ಕಾರ್ಖಾನೆಗಳು. ಗಡಿಯಾಚೆಯ ಕೊಲ್ಲಾಪುರದ ಬೆಲ್ಲಕ್ಕೆ ಭೌಗೋಳಿಕ ಗುರುತಿನ ಮುದ್ರೆಯೇ ಸಿಕ್ಕಿದೆ. ಈಚೆಗೂ ಆಚೆಗೂ ಗುರ್ಹಾಳಗಳ, ಅಂದರೆ ಆಲೆಮನೆಗಳ, ಕೊಪ್ಪರಿಗೆ ಒಂದೇ ಥರದವು, ಒಲೆಯೂ ಒಂದೇ ಥರದ್ದು. ಅಥಣಿ ತಾಲೂಕಿನ ತೆಲಸಂಗದ ಕಡೆ ಒಣದ್ರಾಕ್ಷಿಯ ಶೆಡ್ಡುಗಳಿವೆ, ರಾಯಬಾಗದ ಕಡೆ ಅರಿಷಿಣ ಕುದಿಸುವ ಒಲೆಗಳಿವೆ. ಉಷ್ಣ ವರ್ಗಾವಣೆಯ ಪಾಠಕ್ಕೆ ಇಷ್ಟು ಸಾಮಗ್ರಿ ಕಣ್ಣೆದುರಿಗೇ ಇರುವ ಊರುಗಳು ಕಡಿಮೆ.

ಹಾಗಾಗಿ ಕೊಪ್ಪರಿಗೆಯಿಂದಲೇ ಸುರು ಮಾಡುತ್ತೇನೆ. ಕಬ್ಬಿನ ಹಾಲು ಕುದಿದು, ಸುಣ್ಣ ಮತ್ತು ಬೆಂಡೆಯ ಲೋಳೆಯಿಂದ ಮಡ್ಡಿ ಮೇಲೆದ್ದು ತೆಗೆಸಿಕೊಂಡು, ಗಟ್ಟಿ ಬೆಲ್ಲದ ಹದಕ್ಕೆ ಬರುವಾಗ ಪಾಕದ ಉಷ್ಣತೆ ಸುಮಾರು 118 ಡಿಗ್ರಿ ಸೆಲ್ಸಿಯಸ್. ಆಗ ಕೊಪ್ಪರಿಗೆ ಇಳಿಸಿ ಪಾಕವನ್ನು ಆರಲು ಸುರಿದು, ಮಗುಚುತ್ತಾ ಇರುತ್ತಾರೆ. ಸುತ್ತಲಿನ ಗಾಳಿ 30 ಡಿಗ್ರಿ ಎನ್ನೋಣ. ಒಲೆಯಿಂದ ಇಳಿದ ಆ ಪಾಕ ಹೇಗೆ ತಣ್ಣಗಾಗುತ್ತದೆ?

1701ರಲ್ಲಿ ನ್ಯೂಟನ್ ಹೇಳಿದ ಪ್ರಕಾರ, ಸುತ್ತಲಿಗಿಂತ ಎಷ್ಟು ಹೆಚ್ಚು ಬಿಸಿ ಇದೆಯೋ ಅದಕ್ಕೆ ತಕ್ಕ ವೇಗದಲ್ಲಿ ತಣಿಯುತ್ತದೆ. ಇದು ರೇಖೀಯ ಸಮೀಕರಣ. ಪಿಯುಸಿ ಹುಡುಗನೂ ಬಿಡಿಸುತ್ತಾನೆ. ಆದರೆ ಪಾಕದ ವಿಶಿಷ್ಟೋಷ್ಣ ಒಂದೇ ಸಮ ಇರುವುದಿಲ್ಲ, ಬಿಸಿ ಏರಿದಂತೆ ಅದೂ ಏರುತ್ತದೆ. ಅದನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಸಮೀಕರಣ ಹೀಗಾಗುತ್ತದೆ: (1 + ಎಪ್ಸಿಲಾನ್ × ಉಷ್ಣತೆ) × ಉಷ್ಣತೆ ಬದಲಾಗುವ ವೇಗ + ಉಷ್ಣತೆ = 0. ಇಲ್ಲಿ ಉಷ್ಣತೆ ಎಂದರೆ 1ರಿಂದ ಸೊನ್ನೆಗೆ ಇಳಿಯುವ ಮಾನವಿಲ್ಲದ ಸಂಖ್ಯೆ: 118 ಡಿಗ್ರಿಗೆ 1, 30 ಡಿಗ್ರಿಗೆ 0. ಕಾಲಕ್ಕೂ ಹೀಗೆ ಮಾನವಿಲ್ಲದ ಅಳತೆ. ಎಪ್ಸಿಲಾನ್ ಎಂಬುದು ವಿಶಿಷ್ಟೋಷ್ಣ ಎಷ್ಟು ಹಿಗ್ಗುತ್ತದೆ ಎಂದು ಹೇಳುವ ಒಂದೇ ಒಂದು ಸಂಖ್ಯೆ.

ನಿಮ್ಮಲ್ಲಿ ಅನೇಕರಿಗೆ ಈ ಸಮೀಕರಣ ಹಳೆಯ ಪರಿಚಯ. 2006ರಲ್ಲಿ ಇರಾನಿನ ಇಬ್ಬರು ಸಂಶೋಧಕರು ಇದನ್ನೇ ಹಿಡಿದು ‘ಫಿಸಿಕ್ಸ್ ಲೆಟರ್ಸ್ ಎ’ ಪತ್ರಿಕೆಯಲ್ಲಿ ಒಬ್ಬರ ಹಿಂದೊಬ್ಬರು ಬರೆದರು. ಗಂಜಿ ಅವರು ಹೋಮೋಟೋಪಿ ಪರ್ಟರ್ಬೇಶನ್ ವಿಧಾನವನ್ನು, ಅಬ್ಬಾಸ್‌ಬಂದಿ ಅವರು ಹೋಮೋಟೋಪಿ ಅನಾಲಿಸಿಸ್ ವಿಧಾನವನ್ನು ಇದರ ಮೇಲೆ ಪ್ರಯೋಗಿಸಿದರು. ಮೊದಲನೆಯದು ಚೀನಾದ ಜಿ-ಹುವಾನ್ ಹೆ 1999ರಲ್ಲಿ ಮುಂದಿಟ್ಟದ್ದು. ಎರಡನೆಯದು ಶಾಂಘೈನಲ್ಲಿ ಶಿಜುನ್ ಲಿಯಾವೊ 1992ರ ತಮ್ಮ ಪಿಎಚ್.ಡಿ. ಪ್ರಬಂಧದಲ್ಲಿ ಸುರು ಮಾಡಿದ್ದು. ಇವಕ್ಕೂ ಮೊದಲು ಅಮೆರಿಕದ ಜಾರ್ಜ್ ಅಡೋಮಿಯನ್ ಅವರ ವಿಭಜನಾ ವಿಧಾನ ಬಂದಿತ್ತು. ಹೆ ಅವರದೇ ವೇರಿಯೇಶನಲ್ ಇಟರೇಶನ್ ಕೂಡ ಇದೆ. ಇವೆಲ್ಲಕ್ಕೂ ಅಜ್ಜನಂತಿರುವ ಸಾದಾ ಪರ್ಟರ್ಬೇಶನ್ ವಿಧಾನವನ್ನು ಅಜೀಜ್ ಮತ್ತು ಸಂಗಡಿಗರು 1970ರ ದಶಕದಲ್ಲೇ ಉಷ್ಣ ವರ್ಗಾವಣೆಗೆ ಹಚ್ಚಿ ನೋಡಿದ್ದರು. ಆಮೇಲೆ ಬಂದ ಹೋಲಿಕೆಯ ಲೇಖನಗಳಿಗೆ ಲೆಕ್ಕವೇ ಇಲ್ಲ.

ಈಗ ನಿಮ್ಮ ಮುಂದೆ ಲೆಕ್ಕ ಇಡುತ್ತೇನೆ. ಹಾಳೆ ತೆಗೆದುಕೊಂಡು ನೀವೂ ಮಾಡಿ ನೋಡಿ.

ಮೊದಲ ಅಂದಾಜು ನ್ಯೂಟನ್ನನದೇ: ಇ-ಯ ಘಾತ ಋಣ ಕಾಲ. ಎರಡನೆಯ ಪದ: ಎಪ್ಸಿಲಾನ್ ಗುಣಿಸು, ಇ-ಯ ಘಾತ ಋಣ ಕಾಲದಿಂದ ಇ-ಯ ಘಾತ ಋಣ ಎರಡು ಕಾಲವನ್ನು ಕಳೆದದ್ದು. ಸಾದಾ ಪರ್ಟರ್ಬೇಶನ್‌ನಲ್ಲಿ ಇದೇ ಬರುತ್ತದೆ. ಹೋಮೋಟೋಪಿ ಪರ್ಟರ್ಬೇಶನ್‌ನಲ್ಲೂ ಇದೇ. ರೇಖೀಯ ಭಾಗವನ್ನು ಒಟ್ಟಿಗೆ ಹಿಡಿದರೆ ಅಡೋಮಿಯನ್‌ನಲ್ಲೂ ಇದೇ, ವೇರಿಯೇಶನಲ್ ಇಟರೇಶನ್‌ನ ಮೊದಲ ಸುತ್ತಿನಲ್ಲೂ ಇದೇ. ಒಂದೇ ಗುರ್ಹಾಳದ ಬೆಲ್ಲಕ್ಕೆ ನಾಲ್ಕು ಅಂಗಡಿಯ ಚೀಟಿ ಅಂಟಿಸಿದ ಹಾಗೆ. ಹೀಗಿರುವಾಗ ಮೊದಲ ಎರಡು ಪದ ಇಟ್ಟುಕೊಂಡು ಈ ನಾಲ್ಕನ್ನು ಹೋಲಿಸಿ, ‘ಫಲಿತಾಂಶಗಳು ಅತ್ಯುತ್ತಮವಾಗಿ ತಾಳೆಯಾಗುತ್ತವೆ’ ಎಂದು ಬರೆಯುವುದರಲ್ಲಿ ಏನು ಹುರುಳಿದೆ? ತಾಳೆಯಾಗದೆ ಇನ್ನೇನಾಗಬೇಕು?

ಇದಕ್ಕೆ ನಿಖರ ಉತ್ತರವೂ ಇದೆ. ಸಮೀಕರಣವನ್ನು ಉಷ್ಣತೆಯಿಂದ ಭಾಗಿಸಿ ಒಮ್ಮೆ ಸಂಕಲಿಸಿದರೆ ಸಾಕು: ಉಷ್ಣತೆಯ ಲಾಗರಿದಮ್‌ಗೆ ಎಪ್ಸಿಲಾನ್ ಪಟ್ಟು ಉಷ್ಣತೆ ಕೂಡಿದರೆ ಎಪ್ಸಿಲಾನ್‌ನಿಂದ ಕಾಲ ಕಳೆದಷ್ಟು. ಉಷ್ಣತೆಯನ್ನೇ ಒಂದು ಬದಿಗೆ ತರಬೇಕೆಂದರೆ ಲ್ಯಾಂಬರ್ಟ್ ಫಲನ ಬೇಕಾಗುತ್ತದೆ. ಎಪ್ಸಿಲಾನ್ 1, ಕಾಲ 1 ಎಂದು ಹಾಕಿದರೆ ಉತ್ತರ 0.567143. ಆ ಫಲನದ ಪುಸ್ತಕಗಳಲ್ಲಿ ಈ ಸಂಖ್ಯೆಗೆ ಒಮೆಗಾ ಸ್ಥಿರಾಂಕ ಎಂದು ಹೆಸರೇ ಇದೆ. ಸರಣಿಯ ಎರಡು ಪದ ಕೂಡಿದರೆ 0.6004, ಮೂರು ಕೂಡಿದರೆ 0.5884, ನಾಲ್ಕು ಕೂಡಿದರೆ 0.5542. ಸುತ್ತಾಡಿದರೂ ದೂರ ಹೋಗಿಲ್ಲ.

ಎಪ್ಸಿಲಾನ್ 2 ಮಾಡಿ ನೋಡಿ, ಕಾಲ ಅರ್ಧ. ನಿಖರ ಉತ್ತರ 0.838. ಎರಡು ಪದಗಳ ಸರಣಿ ಕೊಡುವುದು 1.084. ನಮ್ಮ ಅಳತೆಗೆ ತಂದರೆ, 118 ಡಿಗ್ರಿಯಲ್ಲಿ ಒಲೆಯಿಂದ ಇಳಿಸಿದ ಪಾಕ ತನ್ನಷ್ಟಕ್ಕೇ 125 ಡಿಗ್ರಿಗೆ ಏರಿದೆ ಎಂದಾಯಿತು. ಮೂರನೆಯ ಪದ ಸೇರಿಸಿದರೆ 0.693, ಅಂದರೆ 91 ಡಿಗ್ರಿ. ನಿಜವಾಗಿ ಇರಬೇಕಾದದ್ದು ಸುಮಾರು 104. ಪದ ಸೇರಿಸುತ್ತ ಹೋದರೂ ಜೋಲಿ ನಿಲ್ಲುವುದಿಲ್ಲ.

ಕಾರಣ ಹುಡುಕಲು ಕಾಲ ಸೊನ್ನೆ ಇರುವ ಜಾಗಕ್ಕೆ ಹೋಗಿ. ಆ ಕ್ಷಣದಲ್ಲಿ ತಣಿಯುವ ವೇಗ ಎಷ್ಟು? ಮೂಲ ಸಮೀಕರಣದಿಂದ ನೇರ ಸಿಗುತ್ತದೆ: ಋಣ 1 ಭಾಗಿಸು (1 + ಎಪ್ಸಿಲಾನ್). ಸರಣಿ ಕೊಡುವುದು: ಋಣ 1, ಕೂಡು ಎಪ್ಸಿಲಾನ್, ಕಳೆ ಎಪ್ಸಿಲಾನ್ ವರ್ಗ, ಕೂಡು ಎಪ್ಸಿಲಾನ್ ಘನ... ಎಂಟನೆಯ, ಒಂಬತ್ತನೆಯ ತರಗತಿಯ ಮಕ್ಕಳಿಗೂ ಪಾಠ ಮಾಡಬಹುದಾದ ಗುಣೋತ್ತರ ಶ್ರೇಢಿ ಇದು. ಎಪ್ಸಿಲಾನ್ 1ಕ್ಕಿಂತ ಕಡಿಮೆ ಇದ್ದರೆ ಕೂಡುತ್ತದೆ, 1 ದಾಟಿದರೆ ಚದುರಿಹೋಗುತ್ತದೆ. ಎಪ್ಸಿಲಾನ್ 2ಕ್ಕೆ ಉತ್ತರ ಋಣ ಮೂರನೇ ಒಂದು ಆಗಬೇಕಾದಲ್ಲಿ ಸರಣಿ ಋಣ 1, ಧನ 1, ಋಣ 3, ಧನ 5 ಎಂದು ಕುಣಿಯುತ್ತದೆ. ವೇರಿಯೇಶನಲ್ ಇಟರೇಶನ್‌ನ ಸುತ್ತುಗಳನ್ನೂ ಮಾಡಿ ನೋಡಿ: ಪ್ರತಿ ಸುತ್ತಿಗೂ ಈ ವೇಗದ ಅನುಕ್ರಮ ಅದೇ. ಅಂದರೆ ಈ ನಾಲ್ಕೂ ವಿಧಾನಗಳು ಒಂದೇ ಜಾಗದಲ್ಲಿ, ಒಂದೇ ರೀತಿಯಲ್ಲಿ ಮುರಿಯುತ್ತವೆ.

ಕೋಷ್ಟಕದಲ್ಲಿ ಇದು ಕಾಣುವುದೇ ಇಲ್ಲ ಎಂಬುದನ್ನು ದಯವಿಟ್ಟು ಗಮನಿಸಿ. ಕಾಲ ಸೊನ್ನೆಯಲ್ಲಿ ಎಲ್ಲ ವಿಧಾನಗಳೂ ಉಷ್ಣತೆ 1 ಎಂದೇ ಹೇಳುತ್ತವೆ, ಯಾಕೆಂದರೆ ಅದನ್ನು ನಾವೇ ಕೊಟ್ಟಿದ್ದೇವೆ. ದೋಷದ ಕಾಲಂನಲ್ಲಿ ಸೊನ್ನೆ. ಬಹಳ ಹೊತ್ತಾದ ಮೇಲೆ ಎಲ್ಲವೂ ಸೊನ್ನೆಗೆ ಇಳಿಯುತ್ತವೆ, ಅಲ್ಲೂ ದೋಷ ಸೊನ್ನೆಯ ಹತ್ತಿರ. ಎರಡೂ ತುದಿ ಚೊಕ್ಕ, ನಡುವೆ ಎಪ್ಸಿಲಾನ್ ಸಣ್ಣದಾಗಿ ಆರಿಸಿಕೊಂಡರೆ ಇಡೀ ಕೋಷ್ಟಕ ಚೊಕ್ಕ. ತಣಿಯುವ ವೇಗಕ್ಕೆ ಒಂದು ಕಾಲಂ ಇಟ್ಟಿದ್ದರೆ ಮೊದಲ ಸಾಲಿನಲ್ಲೇ ಬಣ್ಣ ಬಯಲಾಗುತ್ತಿತ್ತು. ಪರೀಕ್ಷಕರಾಗಿ ಕೂರುವ ಹಿರಿಯರಿಗೆ ನನ್ನ ವಿನಂತಿ ಇಷ್ಟೇ: ವಿದ್ಯಾರ್ಥಿ ಎಪ್ಸಿಲಾನ್‌ಗೆ ಯಾವ ಬೆಲೆ ಹಾಕಿದ್ದಾನೆ, ಯಾಕೆ ಹಾಕಿದ್ದಾನೆ ಎಂದು ಮೊದಲು ಕೇಳಿ. ಆಮೇಲೆ ಅದನ್ನು ದುಪ್ಪಟ್ಟು ಮಾಡಿಸಿ.

ಲಿಯಾವೊ ಅವರ ವಿಧಾನ ಈ ಜಾಗದಲ್ಲಿ ನಿಜಕ್ಕೂ ಬೇರೆಯದು, ಅದನ್ನು ಒಪ್ಪಲೇಬೇಕು. ಅದರಲ್ಲಿ ಎಚ್-ಬಾರ್ ಎಂಬ ಒಂದು ತಿರುಪು ಇದೆ. ಅದನ್ನು ಋಣ 1ಕ್ಕೆ ಇಟ್ಟರೆ ಹೋಮೋಟೋಪಿ ಪರ್ಟರ್ಬೇಶನ್ ವಿಧಾನವೇ ಸಿಗುತ್ತದೆ, ಅಬ್ಬಾಸ್‌ಬಂದಿ ತೋರಿಸಿದ್ದೂ ಇದನ್ನೇ. ಎಪ್ಸಿಲಾನ್ 2 ಇರುವಾಗ ತಿರುಪನ್ನು ಋಣ ಅರ್ಧಕ್ಕೆ ತಿರುಗಿಸಿದರೆ ವೇಗದ ಅನುಕ್ರಮ ಋಣ 1, 0, ಋಣ 0.5, ಋಣ 0.25, ಋಣ 0.375 ಎಂದು ಋಣ ಮೂರನೇ ಒಂದರ ಸುತ್ತ ಕಿರಿದಾಗುತ್ತ ಬರುತ್ತದೆ. ಋಣ ಮೂರನೇ ಒಂದಕ್ಕೇ ತಿರುಗಿಸಿದರೆ ಒಂದೇ ಹೆಜ್ಜೆಯಲ್ಲಿ ಸರಿಯುತ್ತರ. ಚಂದ ಅನ್ನಿಸುತ್ತದೆ. ಆದರೆ ಯಾವ ಬೆಲೆಗೆ ತಿರುಗಿಸಬೇಕೆಂದು ಈ ಸಮೀಕರಣದಲ್ಲಿ ಗೊತ್ತಾದದ್ದು ಉತ್ತರ ಮೊದಲೇ ಕೈಯಲ್ಲಿದ್ದುದರಿಂದ. ಗೊತ್ತಿಲ್ಲದ ಕಡೆ ಎಚ್-ಬಾರ್‌ನ ಗೆರೆ ಎಳೆದು, ಅದು ಸಪಾಟಾದ ಕಡೆ ಆರಿಸಿಕೊಳ್ಳಬೇಕು. ಕೆಲಸ ನಡೆಯುತ್ತದೆ, ಬಿಟ್ಟಿಯಾಗಿ ನಡೆಯುವುದಿಲ್ಲ.

ಇದಕ್ಕಿಂತ ಹಳೆಯ, ಮನೆಯ ಹತ್ತಿರದ ಉಪಾಯವೊಂದಿದೆ. ಫ್ರಾನ್ಸಿನ ಆನ್ರಿ ಪಾಡೆ 1892ರ ಪ್ರಬಂಧದಲ್ಲಿ ಅಧ್ಯಯನ ಮಾಡಿದ್ದು: ಸರಣಿಯನ್ನು ಬಹುಪದಿಯಾಗಿ ಇಟ್ಟುಕೊಳ್ಳದೆ ಭಿನ್ನರಾಶಿಯಾಗಿ ಬರೆಯುವುದು. ನಮ್ಮ ವೇಗದ ಸರಣಿಯಲ್ಲಿ ಮೊದಲ ಎರಡೇ ಪದ ತೆಗೆದುಕೊಂಡು, ಮೇಲೆ ಸ್ಥಿರಾಂಕ, ಕೆಳಗೆ ರೇಖೀಯ ಪದ ಇರುವ ಭಿನ್ನರಾಶಿ ಕಟ್ಟಿ. ಋಣ 1 ಭಾಗಿಸು (1 + ಎಪ್ಸಿಲಾನ್) ಎಂದೇ ಬರುತ್ತದೆ. ನಿಖರ. ತಿರುಪೂ ಬೇಡ, ಗೆರೆಯೂ ಬೇಡ. ಎಲ್ಲ ಸಮೀಕರಣಗಳೂ ಇಷ್ಟು ಒಳ್ಳೆಯವಲ್ಲ, ಈ ಸಮೀಕರಣದಲ್ಲೇ ಕಾಲ 1ರ ಬೆಲೆಗೆ ಹಾಗೆ ಮಾಡಿದರೆ ಹೆಚ್ಚೇನೂ ದಕ್ಕುವುದಿಲ್ಲ. ಆದರೂ ಹೋಲಿಕೆಯ ಪಟ್ಟಿಯಲ್ಲಿ ಅದಕ್ಕೊಂದು ಜಾಗ ಇರಬೇಕು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪ್ರೊ. ಎನ್.ಎಂ. ಬುಜುರ್ಕೆ ಅವರು ದ್ರವಚಲನೆಯ ಸಮಸ್ಯೆಗಳಿಗೆ ಕಂಪ್ಯೂಟರಿನಿಂದ ಸರಣಿಯ ಅನೇಕ ಪದಗಳನ್ನು ತೆಗೆಸಿ, ಪಾಡೆಯ ದಾರಿಯಿಂದ ಅದರ ವ್ಯಾಪ್ತಿ ಹಿಗ್ಗಿಸುವ ಕೆಲಸವನ್ನು ವರ್ಷಗಟ್ಟಲೆ ಮಾಡಿದ್ದಾರೆ. ಗೋಕಾಕ ತಾಲೂಕಿನ ಮಮದಾಪುರದ ರ್‍ಯಾಂಗ್ಲರ್ ಡಿ.ಸಿ. ಪಾವಟೆ ಅವರು ಕುಲಪತಿಯಾಗಿ ಕಟ್ಟಿ ಬೆಳೆಸಿದ ವಿಶ್ವವಿದ್ಯಾಲಯ ಅದು. ಇರಾನಿನ ಬಾಬೋಲ್, ಚೀನಾದ ಶಾಂಘೈ ಎಂದು ಉಲ್ಲೇಖದ ಪಟ್ಟಿ ಬೆಳೆಸುವವರು ಧಾರವಾಡವನ್ನು ಮರೆಯುವುದು ಯಾಕೆ ಎಂದು ನನಗೆ ಅರ್ಥವಾಗಿಲ್ಲ.

ಇಷ್ಟೆಲ್ಲ ಆದಮೇಲೆ ಗುರ್ಹಾಳಕ್ಕೆ ಮರಳೋಣ. ನಮ್ಮ ಪಾಕದ ಎಪ್ಸಿಲಾನ್ ನಿಜಕ್ಕೂ ಎಷ್ಟು? ಸಕ್ಕರೆ ದ್ರಾವಣದ ವಿಶಿಷ್ಟೋಷ್ಣಕ್ಕೆ ಕಾರ್ಖಾನೆಯವರು ಬಳಸುವ ಸೂತ್ರಗಳಿವೆ, ಬ್ರಿಕ್ಸ್ (ಸಕ್ಕರೆಯ ಸಾಂದ್ರತೆ) ಏರಿದಂತೆ ಅದು ಇಳಿಯುತ್ತದೆ, ಉಷ್ಣತೆ ಏರಿದಂತೆ ಸ್ವಲ್ಪ ಏರುತ್ತದೆ. ಗಟ್ಟಿ ಪಾಕಕ್ಕೆ, 30ರಿಂದ 118 ಡಿಗ್ರಿಯ ಹರವಿಗೆ ಆ ಸೂತ್ರ ಹಾಕಿದರೆ ಕಾಲು ಭಾಗದ ಆಸುಪಾಸು ಬರುತ್ತದೆ. 0.25 ಎನ್ನಿ. ಕಾಲ ಅರ್ಧದಲ್ಲಿ ನಿಖರ ಉತ್ತರ 88.1 ಡಿಗ್ರಿ. ಎರಡು ಪದ ಕೊಡುವುದು 88.6. ಮೂರು ಪದ ಕೊಡುವುದು 88.1, ವ್ಯತ್ಯಾಸ ಒಂದು ಡಿಗ್ರಿಯ ನೂರನೇ ಎರಡು ಭಾಗ, ಗುರ್ಹಾಳದ ಯಾವ ಥರ್ಮಾಮೀಟರಿಗೂ ಕಾಣದ್ದು. ಎಪ್ಸಿಲಾನ್ ಬಿಟ್ಟೇಬಿಟ್ಟರೆ, ಅಂದರೆ ಬರೀ ನ್ಯೂಟನ್ ಹಿಡಿದರೆ 83.4. ಐದು ಡಿಗ್ರಿ ಕಡಿಮೆ. ಅಂದಮೇಲೆ ಅರೇಖೀಯತೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಸರಿ. ವಿಧಾನ ಯಾವುದು ಎಂಬ ಜಗಳ ಮೂರನೆಯ ಪದಕ್ಕೇ ಮುಗಿಯಿತು.

ಮುಗಿಯದ ಜಗಳ ಬೇರೆಯದು. ಮಾನವಿಲ್ಲದ ಕಾಲ ಎಂದು ಸಲೀಸಾಗಿ ಬರೆದೆವಲ್ಲ, ಅದರೊಳಗೆ ಪಾಕದ ಮೈಯಿಂದ ಗಾಳಿಗೆ ಬಿಸಿ ಹೋಗುವ ಗುಣಾಂಕ ಅಡಗಿ ಕೂತಿದೆ. 100 ಕಿಲೋ ಪಾಕ, 2 ಚದರ ಮೀಟರ್ ಮೈ, ವಿಶಿಷ್ಟೋಷ್ಣ ಕಿಲೋಗೆ 2,000 ಜೂಲ್ ಎಂದು ಹಿಡಿಯಿರಿ. ಗುಣಾಂಕ 15 ವ್ಯಾಟ್ ಇದ್ದರೆ ಕಾಲದ ಒಂದು ಘಟಕ 111 ನಿಮಿಷ, 25 ವ್ಯಾಟ್ ಇದ್ದರೆ 67 ನಿಮಿಷ. ಗಾಳಿ ಬೀಸಿತೇ, ಪಾಕ ಮಗುಚಿದರೇ, ಹಬೆ ಏಳುತ್ತಿದೆಯೇ, ಕೆಳಗೆ ಕಬ್ಬಿಣವೇ ನೆಲವೇ ಎಂಬುದರ ಮೇಲೆ ಇದು ಬದಲಾಗುತ್ತದೆ. ಗುಣಾಂಕದಲ್ಲಿ ಬರೀ 20 ಶೇಕಡಾ ತಪ್ಪಾದರೆ ನಮ್ಮ 88 ಡಿಗ್ರಿ 83 ಆಗುತ್ತದೆ. ಆರನೆಯ ದಶಮಾಂಶಕ್ಕೆ ಬಡಿದಾಡಿದವರು ಐದು ಡಿಗ್ರಿಯನ್ನು ಬಾಗಿಲಲ್ಲೇ ಬಿಟ್ಟು ಬಂದಿರುತ್ತಾರೆ. ಈ ಗುಣಾಂಕವನ್ನು ನಮ್ಮ ಗುರ್ಹಾಳಗಳಲ್ಲಿ ಅಳೆಯುವುದು ಒಂದು ಒಳ್ಳೆಯ ಪ್ರಾಜೆಕ್ಟ್, ಆದರೆ ಅದರಲ್ಲಿ ಹೋಮೋಟೋಪಿ ಎಂಬ ಶಬ್ದ ಬರುವುದಿಲ್ಲವಾದ್ದರಿಂದ ಯಾರೂ ಕೈ ಹಾಕುವುದಿಲ್ಲ.

ಇನ್ನೊಂದು ಮಾತು. ಇಡೀ ಪಾಕಕ್ಕೆ ಒಂದೇ ಉಷ್ಣತೆ ಎಂದು ಹಿಡಿದೆವು. ಬಯೋ ಸಂಖ್ಯೆ 0.1ಕ್ಕಿಂತ ಕಡಿಮೆ ಇದ್ದರೆ ಹಾಗೆ ಹಿಡಿಯಬಹುದು ಎಂಬುದು ಪಾಠ. 5 ಸೆಂಟಿಮೀಟರ್ ದಪ್ಪದ ಪಾಕ, ವಾಹಕತೆ 0.4ರಷ್ಟು, ಗುಣಾಂಕ 10 ಎಂದರೆ ಬಯೋ ಸಂಖ್ಯೆ 1ನ್ನೂ ದಾಟುತ್ತದೆ. ಮಗುಚುತ್ತಿರುವವರೆಗೆ ಸಮೀಕರಣ ಬದುಕಿರುತ್ತದೆ, ಕೈ ನಿಂತ ಕೂಡಲೇ ಮೇಲೊಂದು ಉಷ್ಣತೆ ಒಳಗೊಂದು ಉಷ್ಣತೆ. ಹರಳುಗಟ್ಟುವಾಗ ಹೊರಬರುವ ಬಿಸಿ ಬೇರೆ. ಇವನ್ನು ಹೇಳದೆ ಸಮೀಕರಣ ಒಂದನ್ನೇ ಬರೆದು ‘ಉಷ್ಣ ವರ್ಗಾವಣೆಯ ಸಮಸ್ಯೆ’ ಎನ್ನುವುದು ಸ್ವಲ್ಪ ಹೆಚ್ಚಾಯಿತು.

ಗುರ್ಹಾಳದವನ ಪ್ರಶ್ನೆಯನ್ನೂ ಕೇಳಿಸಿಕೊಳ್ಳಿ. ‘ಅರ್ಧ ಕಾಲಮಾನದಲ್ಲಿ ಉಷ್ಣತೆ ಎಷ್ಟು?’ ಎಂದು ಅವನು ಎಂದೂ ಕೇಳುವುದಿಲ್ಲ. ‘ಎಷ್ಟು ಹೊತ್ತಿಗೆ ಆರೀತು, ಯಾವಾಗ ಅಚ್ಚಿಗೆ ತುಂಬಲಿ?’ ಎಂದು ಕೇಳುತ್ತಾನೆ. ಹಾಗೆ ಕೇಳಿದರೆ ಲ್ಯಾಂಬರ್ಟ್ ಫಲನವೂ ಬೇಡ, ಸರಣಿಯೂ ಬೇಡ. ಮೇಲಿನ ನಿಖರ ಸಂಬಂಧದಲ್ಲಿ ಕಾಲ ತಾನಾಗಿಯೇ ಒಂಟಿಯಾಗಿ ನಿಂತಿದೆ: ಕಾಲ ಎಂದರೆ, 1 ಭಾಗಿಸು ಉಷ್ಣತೆ ಇದರ ಲಾಗರಿದಮ್, ಅದಕ್ಕೆ ಕೂಡು ಎಪ್ಸಿಲಾನ್ ಗುಣಿಸು (1 ಕಳೆ ಉಷ್ಣತೆ). ಮೊದಲ ಭಾಗ ನ್ಯೂಟನ್ನನದು, ಎರಡನೆಯದು ವಿಶಿಷ್ಟೋಷ್ಣದಿಂದ ಬಂದ ಹೆಚ್ಚುವರಿ. 118ರಿಂದ 74ಕ್ಕೆ ಇಳಿಯಲು, ಅಂದರೆ ಅರ್ಧಕ್ಕೆ ಬರಲು, 0.693 ಕೂಡು 0.125. ನ್ಯೂಟನ್ ಹೇಳಿದ್ದಕ್ಕಿಂತ 18 ಶೇಕಡಾ ಹೆಚ್ಚು ಹೊತ್ತು. ಎಪ್ಸಿಲಾನ್ 2 ಇರಲಿ, 20 ಇರಲಿ, ಈ ಸೂತ್ರ ಮುರಿಯುವುದಿಲ್ಲ. ನಾಲ್ಕು ವಿಧಾನಗಳು ಒದ್ದಾಡಿದ್ದು ಪ್ರಶ್ನೆಯನ್ನು ತಿರುವಿ ಕೇಳಿದ್ದಕ್ಕೆ! ಸಂಶೋಧನಾ ಲೇಖನಗಳಲ್ಲಿ ಈ ಒಂದು ಸಾಲಿಗೆ ಸಿಗಬೇಕಾದಷ್ಟು ಮರ್ಯಾದೆ ಸಿಕ್ಕಿಲ್ಲ ಎಂಬುದು ನನ್ನ ಅಭಿಪ್ರಾಯ.

ಎರಡನೆಯ ಜನಪ್ರಿಯ ಸಮೀಕರಣ ವಿಕಿರಣದ್ದು. ಸ್ಟೀಫನ್ 1879ರಲ್ಲಿ ಹೇಳಿದ ನಾಲ್ಕನೆಯ ಘಾತದ ನಿಯಮವನ್ನು ನ್ಯೂಟನ್ನನ ತಣಿಯುವಿಕೆಗೆ ಕೂಡಿಸಿ, ‘ಸರಳತೆಗಾಗಿ’ ಸುತ್ತಲಿನ ಉಷ್ಣತೆಯನ್ನು ಸೊನ್ನೆ ಕೆಲ್ವಿನ್ ಎಂದು ಹಿಡಿಯುತ್ತಾರೆ. ಮೇ ತಿಂಗಳ ಅಥಣಿಯಲ್ಲಿ ನಿಂತು ಇದನ್ನು ಓದಿದರೆ ನಗು ಬರುತ್ತದೆ. ನಗು ಬದಿಗಿಡಿ: ಹಾಗೆ ಸರಳ ಮಾಡಿದ ಸಮೀಕರಣ ಬರ್ನೂಲಿಯ ಸಮೀಕರಣ, ಬಿ.ಎಸ್ಸಿ. ಪಠ್ಯದಲ್ಲಿರುವಂಥದ್ದು. ಉಷ್ಣತೆಯ ಋಣ ಮೂರನೆಯ ಘಾತವನ್ನು ಹೊಸ ಚರವಾಗಿ ಹಿಡಿದರೆ ಎರಡು ಸಾಲಿನಲ್ಲಿ ನಿಖರ ಉತ್ತರ ಸಿಗುತ್ತದೆ. ನಿಖರ ಉತ್ತರ ಇರುವಲ್ಲಿ ಅಂದಾಜು ವಿಧಾನವನ್ನು ಪರೀಕ್ಷಿಸುವುದು ಸರಿಯೇ. ಆದರೆ ಆ ನಿಖರ ಉತ್ತರವನ್ನು ಬರೆಯದೆ, ಕಂಪ್ಯೂಟರಿನ ಅಂಕಿಗಳ ಜೊತೆಗಷ್ಟೇ ಹೋಲಿಸಿ ಮುಗಿಸುವುದನ್ನು ಗಣಿತ ವಿಭಾಗದವರು ಒಪ್ಪಬಾರದು.

ನಮ್ಮ ಪಾಕಕ್ಕೆ ವಿಕಿರಣ ಲೆಕ್ಕಕ್ಕೆ ಬರುವಷ್ಟಿದೆಯೇ? ಇದೆ. ಪೂರ್ಣ ಕಪ್ಪು ಮೈ ಎಂದು ಹಿಡಿದರೆ 118 ಡಿಗ್ರಿಯಲ್ಲಿ ವಿಕಿರಣದ ಪಾಲು ಗುಣಾಂಕದಲ್ಲಿ ಸುಮಾರು 9.6 ವ್ಯಾಟ್, 57 ಡಿಗ್ರಿಗೆ ಇಳಿದಾಗ 7.2. ಗಾಳಿಯ ಸಹಜ ಚಲನೆಯ ಪಾಲಿಗೆ ಸರಿಸಮ. ಆ ಗಾಳಿಯ ಪಾಲೂ ಸ್ಥಿರವಲ್ಲ. 1817ರಲ್ಲೇ ಡ್ಯುಲಾಂಗ್ ಮತ್ತು ಪೆಟಿ ತಣಿಯುವ ವೇಗ ಉಷ್ಣತೆಯ 1.233ನೆಯ ಘಾತದಂತೆ ಸಾಗುತ್ತದೆ ಎಂದು ಅಳೆದು ತೋರಿಸಿದ್ದರು. ಅದನ್ನು 1.25ನೆಯ ಘಾತ ಎಂದು ಹಿಡಿದರೆ ಮತ್ತೆ ನಿಖರ ಉತ್ತರ: (1 + ಕಾಲದ ಕಾಲುಭಾಗ) ಇದರ ಋಣ ನಾಲ್ಕನೆಯ ಘಾತ. ಕಾಲ 1ರಲ್ಲಿ 0.4096, ನ್ಯೂಟನ್ನನದು 0.3679. ಇದಕ್ಕೂ ಯಾವ ಹೋಮೋಟೋಪಿ ಬೇಡ.

ಹಾಗಾದರೆ ಈ ವಿಧಾನಗಳು ನಿಜವಾಗಿ ಬೇಕಾಗುವ ಜಾಗ ಯಾವುದು? ಕೊಪ್ಪರಿಗೆಯ ಮೇಲಲ್ಲ, ಕೆಳಗೆ. ಲಖನೌದ ಭಾರತೀಯ ಕಬ್ಬು ಸಂಶೋಧನಾ ಸಂಸ್ಥೆಯಲ್ಲಿ ಬೆಲ್ಲದ ಪಾತ್ರೆಯ ತಳಕ್ಕೆ ಉದ್ದುದ್ದ ಫಿನ್‌ಗಳನ್ನು ಬೆಸೆದು ಪ್ರಯೋಗ ಮಾಡಿದ್ದಾರೆ. ಒಲೆಯ ಬಿಸಿಗಾಳಿಯಿಂದ ಹೆಚ್ಚು ಶಾಖ ಪಾತ್ರೆಗೆ ಇಳಿದು ಸಿಪ್ಪೆ ಉಳಿಯಿತು. ರವದಿ, ಸಿಪ್ಪೆ ಸಾಲದೆ ಬೇರೆ ಉರುವಲು ಕೊಳ್ಳುವ ಗುರ್ಹಾಳಗಳಿಗೆ ಇದು ದುಡ್ಡಿನ ಮಾತು. ಫಿನ್‌ನ ಸಮೀಕರಣ ಎರಡನೆಯ ಕ್ರಮದ್ದು, ಉಕ್ಕಿನ ವಾಹಕತೆ ಉಷ್ಣತೆಯ ಜೊತೆ ಬದಲಾಗುವುದರಿಂದ ಅರೇಖೀಯ. ಪುಸ್ತಕಗಳ ಪ್ರಕಾರ ಸಾದಾ ಕಾರ್ಬನ್ ಉಕ್ಕಿನ ವಾಹಕತೆ 127 ಡಿಗ್ರಿಯಲ್ಲಿ ಸುಮಾರು 57, 327ರಲ್ಲಿ 48, 527ರಲ್ಲಿ 39, 727ರಲ್ಲಿ 30. ನಮ್ಮ ಕೋಷ್ಟಕಗಳಲ್ಲಿ ಫಿನ್ ಯಾವಾಗಲೂ ಬಿಸಿ, ಸುತ್ತಲಿನ ಗಾಳಿ ತಣ್ಣಗೆ. ಇಲ್ಲಿ ತಿರುವುಮುರುವು: ಬುಡ ಪಾಕದ ಬಿಸಿಯಲ್ಲಿ, ಸುತ್ತಲಿನದು ಬೆಂಕಿಯ ಗಾಳಿ. ಸುತ್ತಲಿನ ಉಷ್ಣತೆ 727 ಎಂದು ಹಿಡಿದು ರೂಢಿಯ ಸೂತ್ರ ಹಚ್ಚಿದರೆ, ವಾಹಕತೆ ಎಷ್ಟು ಬದಲಾಗುತ್ತದೆ ಎಂದು ಹೇಳುವ, ಸಣ್ಣದೆಂದು ಹಿಡಿಯುವ ಬೀಟಾ ಎಂಬ ಸಂಖ್ಯೆ 0.9 ಆಗುತ್ತದೆ. ಸಣ್ಣದಲ್ಲವೇ ಅಲ್ಲ! ಬುಡದ ವಾಹಕತೆಯನ್ನು ಆಧಾರವಾಗಿ ಹಿಡಿದು ಸಮೀಕರಣ ಮತ್ತೆ ಬರೆದರೆ ಆ ಸಂಖ್ಯೆ ಇಳಿಯುತ್ತದೆ. ವಿಧಾನ ಬದಲಿಸುವ ಮೊದಲು ಆಧಾರ ಬದಲಿಸಿ ನೋಡಬೇಕಾದ ಜಾಗ ಇದು, ಮತ್ತು ವಿಧಾನಗಳ ನಡುವೆ ನಿಜವಾದ ಅಂತರ ಕಾಣಬಹುದಾದ ಜಾಗವೂ ಇದೇ.

ಇಲ್ಲಿ ಪೂರ್ತಿ ನಿಖರ ಉತ್ತರ ಕೈಗೆ ಸಿಗದಿದ್ದರೂ ಪರೀಕ್ಷೆಗೆ ಎರಡು ಒರೆಗಲ್ಲುಗಳಿವೆ. ಸಮೀಕರಣವನ್ನು ಒಮ್ಮೆ ನಿಖರವಾಗಿ ಸಂಕಲಿಸಬಹುದು. ತುದಿಯ ಉಷ್ಣತೆ ಗೊತ್ತಾದರೆ ಬುಡದಲ್ಲಿ ದಾಟುವ ಶಾಖ ಎಷ್ಟೆಂದು ಆ ಮೊದಲ ಸಂಕಲನವೇ ಹೇಳುತ್ತದೆ. ಎರಡನೆಯದು ಶಾಖದ ಜಮಾಖರ್ಚು: ಫಿನ್‌ನ ಮೈಯುದ್ದಕ್ಕೂ ಒಳಬಂದ ಶಾಖವನ್ನು ಕೂಡಿದರೆ ಬುಡದಲ್ಲಿ ದಾಟಿದ ಶಾಖಕ್ಕೆ ಸಮವಾಗಬೇಕು. ನಿಮ್ಮ ಮೂರು ಪದಗಳ ಸರಣಿಯನ್ನು ಈ ಎರಡಕ್ಕೂ ಹಾಕಿ. ಉಷ್ಣತೆಯ ಗೆರೆ ಎಷ್ಟೇ ಚಂದ ತಾಳೆಯಾದರೂ ಜಮಾಖರ್ಚಿನಲ್ಲಿ ಕೊರತೆ ಬಂದರೆ ಆ ವಿಧಾನ ಗುರ್ಹಾಳದವನಿಗೆ ಬೇಡ. ಅವನಿಗೆ ಬೇಕಾದದ್ದು ಶಾಖ, ಗೆರೆಯಲ್ಲ.

‘ಮೊಬೈಲಿನಲ್ಲೇ ರುಂಗೆ-ಕುಟ್ಟಾ ಓಡುವ ಕಾಲದಲ್ಲಿ ಇದೆಲ್ಲ ಯಾಕೆ ಸರ್?’ ಎಂದು ಹುಡುಗರು ಕೇಳುತ್ತಾರೆ, ಕೇಳಬೇಕು. ಅಂಕಿ ಬೇಕಾದರೆ ರುಂಗೆ-ಕುಟ್ಟಾ ಸಾಕು, ನಾನೂ ಅದನ್ನೇ ಬಳಸುತ್ತೇನೆ. ಸೂತ್ರ ಬೇಕಾಗುವುದು ಯಾವ ಸಂಖ್ಯೆ ಬದಲಾದರೆ ಉತ್ತರ ಎಷ್ಟು ಅಲುಗುತ್ತದೆ ಎಂದು ನೋಡುವುದಕ್ಕೆ. ಕಾಲದ ಆ ಒಂದು ಸಾಲನ್ನು ನೋಡಿ: ಹೆಚ್ಚುವರಿ ಹೊತ್ತು ಎಪ್ಸಿಲಾನ್ ಎಷ್ಟೋ ಅದಕ್ಕಿಂತ ಎಂದೂ ಹೆಚ್ಚಾಗದು ಎಂದು ಕಣ್ಣಿಗೆ ಕಾಣುತ್ತದೆ. ಸಾವಿರ ಅಂಕಿಗಳ ಕೋಷ್ಟಕ ಅದನ್ನು ಹೇಳುವುದಿಲ್ಲ. ಮೂವತ್ತು ಪದಗಳ ಸರಣಿಯೂ ಹೇಳುವುದಿಲ್ಲ, ಅದು ಕೋಷ್ಟಕದ ಇನ್ನೊಂದು ರೂಪ ಅಷ್ಟೇ.

ಚಿಕ್ಕೋಡಿ, ನಿಪ್ಪಾಣಿಯ ಇಂಜಿನಿಯರಿಂಗ್ ಕಾಲೇಜುಗಳ ಮೆಕ್ಯಾನಿಕಲ್ ವಿಭಾಗದವರೂ ಅಥಣಿ, ರಾಯಬಾಗ, ಕಾಗವಾಡದ ಡಿಗ್ರಿ ಕಾಲೇಜುಗಳ ಗಣಿತದವರೂ ಈ ಹಂಗಾಮಿನಲ್ಲಿ ಕೂಡಿ ಒಂದು ಕೆಲಸ ಮಾಡಲಿ ಎಂದು ಕೇಳಿಕೊಳ್ಳುತ್ತೇನೆ. ಗಾಣ ಸುರುವಾದ ಮೇಲೆ ಹತ್ತಿರದ ಗುರ್ಹಾಳದವರ ಅಪ್ಪಣೆ ಕೇಳಿ, ಪಾಕದ ನಡುವೆ ಒಂದು, ಅಂಚಿನಲ್ಲಿ ಒಂದು ಥರ್ಮೋಕಪಲ್ ಇಟ್ಟು, ಇಳಿಸಿದ ಕ್ಷಣದಿಂದ ಅಚ್ಚಿಗೆ ತುಂಬುವವರೆಗೆ ನಿಮಿಷಕ್ಕೊಂದರಂತೆ ಬರೆದುಕೊಳ್ಳಿ. ಗಾಳಿಯ ಉಷ್ಣತೆ, ಪಾಕದ ತೂಕ, ಹರಡಿದ ಮೈಯ ಅಳತೆ, ಬ್ರಿಕ್ಸ್, ಮಗುಚಿದ್ದು ಯಾವಾಗ ನಿಂತಿತು ಎಂಬುದೂ ಅದರಲ್ಲಿರಲಿ. ಉಷ್ಣತೆಯ ಲಾಗರಿದಮ್‌ಗೆ ಎಪ್ಸಿಲಾನ್ ಪಟ್ಟು ಉಷ್ಣತೆ ಕೂಡಿಸಿ ಕಾಲದೆದುರು ಗೆರೆ ಎಳೆದರೆ, ಮಗುಚುವವರೆಗೂ ಅದು ನೆಟ್ಟಗೆ ಬರಬೇಕು. ಅದರ ಇಳಿಜಾರಿನಿಂದಲೇ ಗುಣಾಂಕ ಸಿಗುತ್ತದೆ. ನೆಟ್ಟಗೆ ಬರದಿದ್ದರೆ ಇನ್ನೂ ಒಳ್ಳೆಯದು, ಹಬೆಯೋ ವಿಕಿರಣವೋ ಹರಳೋ ಯಾವುದೋ ಒಂದು ಎಲ್ಲಿ ಒಳನುಗ್ಗಿತು ಎಂದು ಆ ಬಾಗು ತೋರಿಸುತ್ತದೆ. ಹೊಸ ಸಮೀಕರಣ ಅಲ್ಲಿಂದ ಬರೆಯಬೇಕು. ಅದನ್ನು ಬಿಡಿಸಲು ಯಾವ ವಿಧಾನ ತೆಗೆದುಕೊಂಡರೂ ನನ್ನ ತಕರಾರಿಲ್ಲ. ಕಚ್ಚಾ ಅಂಕಿಗಳನ್ನು ಮಾತ್ರ ತಿದ್ದದೆ, ಕೆಟ್ಟವನ್ನೂ ಬಿಡದೆ, ಪ್ರಬಂಧದ ಕೊನೆಯಲ್ಲಿ ಅಚ್ಚು ಹಾಕಿಸಿ.

ಇತಿ ನಿಮ್ಮವ,
ಇದೇ ಸೀಮೆಯ ಒಬ್ಬ ಗಣಿತ ಮಾಸ್ತರ